ಒಂದು ಮೊಳೆ, ಹತ್ತು ಕ್ಯಾಲೆಂಡರ್

4 ಆಗಸ್ಟ್ 2025, ಸೋಮವಾರ

ನಿನ್ನೆ ಆಡಿ ಹದಿನೆಂಟು. ಶಿವಕಾಶಿಯಲ್ಲಿ ಹೊಸ ವರ್ಷದ ಕ್ಯಾಲೆಂಡರ್ ಆಲ್ಬಂಗಳು ಹೊರಬೀಳುವ ದಿನ. ನಮ್ಮಂಥ ಡಿಸೈನರುಗಳ ಹೊಟ್ಟೆಪಾಡಿನ ಸೀಸನ್ನೂ ಅಲ್ಲಿಂದಲೇ ಶುರು. ಬೆಳಿಗ್ಗೆ ಬಾಗಿಲು ತೆಗೆಯುವಷ್ಟರಲ್ಲಿ ಚಿನ್ನದಂಗಡಿ ಯಜಮಾನರ ಫೋನು. "ಮೇಡಂ, ಈ ವಾರ ಶಿವಕಾಶಿ ಏಜೆಂಟು ಆಲ್ಬಂ ತರ್ತಾನಂತೆ. ಒಂದು ಲಕ್ಷ್ಮೀ ಪಟ ಆರಿಸಿ ಅಡೀಲಿ ಅಂಗಡಿ ಹೆಸರು ಹಾಕಿಸಿದ್ರೆ ಮುಗೀತಲ್ಲ, ಡಿಸೈನು ಅಂತ ಯಾಕೆ ಬೇರೆ ದುಡ್ಡು?"

ಪ್ರತಿ ಆಗಸ್ಟಿನಲ್ಲೂ ಇದೇ ಪ್ರಶ್ನೆ. ಅದೇ ಲಕ್ಷ್ಮಿ ಪಕ್ಕದ ಸೀರೆ ಅಂಗಡಿ, ಎದುರಿನ ಮೆಡಿಕಲ್ ಶಾಪಿನ ಹೆಸರು ಹೊತ್ತೂ ಬರ್ತಾಳೆ ಸಾರ್ ಅಂದೆ. ಸ್ವಲ್ಪ ಹೊತ್ತು ಮಾತಿಲ್ಲ. "ಸರಿ, ಏನಾದ್ರೂ ಮೈಸೂರಿಂದು ಮಾಡಿ. ಅಂಬಾರಿ ಮಾತ್ರ ಬೇಡ, ಹೋದ್ಸಲ ಅದೇ ಆಯ್ತು" ಅಂದರು. ಒಳ್ಳೆಯದೇ ಆಯಿತು. ಅಂಬಾರಿ ಇಲ್ಲದ ಮೈಸೂರು ಕ್ಯಾಲೆಂಡರು ಬೇಕು ಅಂತ ಗಿರಾಕಿಯ ಬಾಯಲ್ಲೇ ಬಂದಿದೆ.

19 ಆಗಸ್ಟ್, ಮಂಗಳವಾರ

ಗಂಜೀಫಾ. ಮೈಸೂರಿನ ಕಲಾಶಾಲೆ ಕಾವಾದಲ್ಲಿ ಓದಿ ಬಂದ ನಮ್ಮ ಆಫೀಸಿನ ಹುಡುಗಿಯ ಸಲಹೆ. ಕೈಯಲ್ಲಿ ಬರೆದ ಹಳೆಯ ಕಾಲದ ಇಸ್ಪೀಟು ಇದು. ದಶಾವತಾರ ಗಂಜೀಫಾದಲ್ಲಿ 120 ದುಂಡನೆಯ ಎಲೆ. ಅವತಾರಕ್ಕೊಂದು ಪಂಗಡ, ಪಂಗಡಕ್ಕೆ 12 ಎಲೆ: ರಾಜ, ಮಂತ್ರಿ, ಆಮೇಲೆ ಒಂದರಿಂದ ಹತ್ತು. ಹನ್ನೆರಡು ಎಲೆ, ಹನ್ನೆರಡು ತಿಂಗಳು! ಮೊದಲನೇ ವರ್ಷ ಮತ್ಸ್ಯ ಕೊಟ್ಟರೆ ಹತ್ತನೇ ವರ್ಷಕ್ಕೆ ಕಲ್ಕಿ. ಪೂರ್ತಿ ಆಟ ಕೂಡಿಸಬೇಕಾದರೆ ಗಿರಾಕಿ ಹತ್ತು ವರ್ಷ ಅದೇ ಅಂಗಡಿಗೆ ಬರಬೇಕು. ಯಜಮಾನರಿಗೆ ಒಪ್ಪಿಸಲು ಬೇರೆ ಮಾತೇ ಬೇಡ.

ರಾತ್ರಿ ಕೂತು ಓದಿದೆ. ಮುಮ್ಮಡಿ ಕೃಷ್ಣರಾಜ ಒಡೆಯರು ಈ ಆಟದಲ್ಲಿ 36 ಎಲೆಯಿಂದ 360 ಎಲೆಯವರೆಗಿನ ಬಗೆಗಳನ್ನು ಕಟ್ಟಿದವರು. ಅವರ ಶ್ರೀತತ್ತ್ವನಿಧಿ ಗ್ರಂಥದ ಒಂಬತ್ತು ನಿಧಿಗಳಲ್ಲಿ ಕೊನೆಯದಾದ ಕೌತುಕನಿಧಿ ಇಂಥ ಆಟಗಳಿಗೇ ಮೀಸಲು. ಮೈಸೂರು ಗಂಜೀಫಾಕ್ಕೆ ಜಿಐ (ಭೌಗೋಳಿಕ ಗುರುತಿನ) ಮಾನ್ಯತೆಯೂ ಇದೆ, ಆದ್ದರಿಂದ ಹಳೆಯ ಪಟ ಸ್ಕ್ಯಾನ್ ಮಾಡಿ ಅಂಟಿಸುವುದು ಬೇಡ. ಈ ಕೆಲಸದಲ್ಲೇ ಪಳಗಿದ ಕಲಾವಿದರೊಬ್ಬರ ಕೈಯಲ್ಲಿ ಬರೆಸಿ, ಸಂಭಾವನೆ ಕೊಟ್ಟು, ಅವರ ಹೆಸರನ್ನೂ ಹಾಕಬೇಕು. ಎಸ್ಟಿಮೇಟಿನಲ್ಲಿ ಆ ಸಾಲು ಮೊದಲೇ ಸೇರಿಸಿದೆ.

11 ಸೆಪ್ಟೆಂಬರ್, ಗುರುವಾರ

ತೊಡಕು ಕಾಗದದಲ್ಲಿ. ಗೋಡೆ ಕ್ಯಾಲೆಂಡರು ಅಂದರೆ ಆರು ಹಾಳೆ, ಎರಡು ಮಗ್ಗುಲಿಗೂ ಅಚ್ಚು. ಜನವರಿಯ ಎಲೆ ಕತ್ತರಿಸಿ ತೆಗೆದರೆ ಬೆನ್ನಿನ ಫೆಬ್ರವರಿಗೆ ತೂತು. ಹನ್ನೆರಡು ಹಾಳೆ ಮಾಡಿದರೆ ಕಾಗದದ ಖರ್ಚು ಎರಡರಷ್ಟು, ಮೇಲೆ ದುಂಡನೆಯ ಡೈ ಬೇರೆ. ಯಜಮಾನರು ಲೆಕ್ಕ ಕೇಳಿ, "ಚಿನ್ನದ ರೇಟು ನೋಡಿದೀರಾ?" ಅಂದರು. ಅವರ ಬಾಯಲ್ಲಿ ಆ ಮಾತು!

ಕೊನೆಗೆ ಎರಡಾಗಿ ಒಡೆದೆವು. ದೊಡ್ಡ ಗಿರಾಕಿಗಳಿಗೆ ಗಂಜೀಫಾ ಟೇಬಲ್ ಕ್ಯಾಲೆಂಡರು, ಬಿಡಿ ಎಲೆಗಳದ್ದು. ಮಿಕ್ಕವರಿಗೆಲ್ಲ ದಪ್ಪ ಅಂಕಿಯ ಗೋಡೆ ಕ್ಯಾಲೆಂಡರು.

ಗೋಡೆಯದಕ್ಕೆ ಯಾವ ಕಾಗದ ಅಂತ ಇನ್ನೊಂದು ಜಗಳ. ಅವರಿಗೆ ಮಿರಮಿರ ಮಿಂಚುವ ಆರ್ಟ್ ಪೇಪರ್ ಬೇಕು, ನನಗೆ ಮಿಂಚಿಲ್ಲದ ಮ್ಯಾಪ್ಲಿಥೊ. ಆರ್ಟ್ ಪೇಪರಿನ ಮೇಲೆ ಬಾಲ್‌ಪೆನ್ನು ಜಾರುತ್ತದೆ, ಶಾಯಿ ಬೆರಳಿಗೆ ಮೆತ್ತುತ್ತದೆ. ಅಡುಗೆಮನೆಯಲ್ಲಿ ಹಾಲು ಅರ್ಧ ಲೀಟರು ಜಾಸ್ತಿ ತಗೊಂಡದ್ದು, ಸಿಲಿಂಡರು ಬಂದದ್ದು, ಕೆಲಸದವಳು ಬಾರದ ದಿನ, ಚೀಟಿಯ ಕಂತು ಎಲ್ಲ ಬರೆಯುವುದು ಆ ಚೌಕಗಳಲ್ಲಿ. ಬರೆಯೋಕೆ ಬಾರದ ಕ್ಯಾಲೆಂಡರು ಫೆಬ್ರವರಿ ಹೊತ್ತಿಗೆ ಪಾಠಪುಸ್ತಕದ ಬೈಂಡಾಗುತ್ತದೆ. ಪ್ಯಾಡ್ ಮೇಲಿಂದ ಎರಡು ಚೂರು ಕಾಗದ ಕಿತ್ತು ಕೈಗೆ ಪೆನ್ನು ಕೊಟ್ಟೆ. ಎರಡರ ಮೇಲೂ ಸಹಿ ಹಾಕಿ ನೋಡಿ, ಒಂದೂ ಮಾತಾಡದೆ ಮ್ಯಾಪ್ಲಿಥೊ ಕಡೆ ಬೆರಳು ತೋರಿಸಿದರು.

26 ಸೆಪ್ಟೆಂಬರ್, ಶುಕ್ರವಾರ

ದಸರಾ ಈ ಸಲ 11 ದಿನ. ಸಯ್ಯಾಜಿರಾವ್ ರಸ್ತೆ ಕಡೆ ಗಾಡಿ ತಿರುಗಿಸುವಂತಿಲ್ಲ. ಪ್ರೂಫು ವಾಟ್ಸಾಪಿನಲ್ಲೇ ಹೋಯಿತು.

13 ಅಕ್ಟೋಬರ್, ಸೋಮವಾರ

ದೀಪಾವಳಿ ಉಡುಗೊರೆಯ ವಿಚಾರಣೆಗಳು. ಎಲ್ಲರೂ ಕೇಳುವುದು ಡ್ರೈಫ್ರೂಟ್ ಡಬ್ಬಿ. ಚನ್ನಪಟ್ಟಣದ ಅರಗಿನ ಬೊಂಬೆ, ಬೀಟೆಮರದ ಕುಸುರಿಯ ಪುಟ್ಟ ತಟ್ಟೆ, ಅಗರಬತ್ತಿ ಸ್ಟ್ಯಾಂಡು ಅಂತ ನಾನೂ ಬಿಡದೆ ತೋರಿಸುತ್ತೇನೆ. ಮೂವರಲ್ಲಿ ಒಬ್ಬರು ಒಪ್ಪುತ್ತಾರೆ.

ಉಡುಗೊರೆಯ ಹಿಂದೆ ಕಾನೂನು ಎಷ್ಟು! ಹಂಚುವ ವಸ್ತುವಿಗೆ ಕಟ್ಟಿದ ಜಿಎಸ್‌ಟಿಗೆ ಇನ್‌ಪುಟ್ ಕ್ರೆಡಿಟ್ ಸಿಗುವುದಿಲ್ಲ, ಸೆಕ್ಷನ್ 17(5). ಡೀಲರಿಗೆ ಕೊಟ್ಟದ್ದು ವರ್ಷಕ್ಕೆ 20,000 ರೂಪಾಯಿ ದಾಟಿದರೆ ಶೇ 10 ಟಿಡಿಎಸ್, ಇದು 2022ರ ಜುಲೈನಿಂದ. ಔಷಧ ಕಂಪನಿಗಳ ಪೆನ್ ಸ್ಟ್ಯಾಂಡುಗಳ ಕಾಲವೊಂದಿತ್ತು. ವೈದ್ಯರಿಗೆ ಉಡುಗೊರೆ ಕೂಡದು ಅಂತ 2024ರ ಮಾರ್ಚಿನಲ್ಲಿ ಕೇಂದ್ರದ ಸಂಹಿತೆ ಬಂದ ಮೇಲೆ ಆ ಬಾಗಿಲು ಮುಚ್ಚಿತು. ಸರಿಯಾದ ಕ್ರಮವೇ, ಆ ಪೆನ್ ಸ್ಟ್ಯಾಂಡಿನ ಖರ್ಚು ಕೊನೆಗೆ ರೋಗಿಯ ಬಿಲ್ಲಿಗೇ ತಾನೇ ಬೀಳುತ್ತಿದ್ದುದು? ಅದಕ್ಕೂ ಮುಂಚೆ, 2020ರಲ್ಲೇ, ಕೇಂದ್ರ ಸರ್ಕಾರ ತನ್ನ ಇಲಾಖೆ, ಬ್ಯಾಂಕುಗಳಿಗೆ ಕ್ಯಾಲೆಂಡರು, ಡೈರಿ ಅಚ್ಚು ಹಾಕಿಸಬೇಡಿ ಅಂದಿತ್ತು. ಅದು ಮಾತ್ರ ನಮಗೆ ಹೊಡೆತ. ಬ್ಯಾಂಕಿನ ಕ್ಯಾಲೆಂಡರಿಗೆ ಅಮ್ಮ ಸರದಿಯಲ್ಲಿ ನಿಲ್ಲುತ್ತಿದ್ದುದು ನೆನಪಿದೆ.

8 ನವೆಂಬರ್, ಶನಿವಾರ

ತಿಥಿ ಪರಿಶೀಲನೆ. ಪಂಚಾಂಗ ಯುಗಾದಿಯಿಂದ ಯುಗಾದಿಗೆ, ಕ್ಯಾಲೆಂಡರು ಜನವರಿಯಿಂದ. ಹಾಗಾಗಿ ಮಾರ್ಚ್ 18ರವರೆಗೆ ಕೈಯಲ್ಲಿರುವ ಒಂಟಿಕೊಪ್ಪಲ್ ಪಂಚಾಂಗ ಹಿಡಿದು ನೋಡಬಹುದು. 19ರ ಯುಗಾದಿಯಿಂದಾಚೆ ಪರಾಭವ ಸಂವತ್ಸರ, ಅದಕ್ಕೆ ಶಾಸ್ತ್ರಿಗಳು ಮೊದಲೇ ಗಣಿತ ಮಾಡಿಕೊಟ್ಟ ಪಟ್ಟಿಯೇ ಗತಿ. ಮೇ 17ರಿಂದ ಜೂನ್ 15 ಅಧಿಕ ಜ್ಯೇಷ್ಠ. ಆದ್ದರಿಂದ ಗಣೇಶನ ಹಬ್ಬ ಸೆಪ್ಟೆಂಬರ್ 14ಕ್ಕೆ ಹೋಗಿದೆ. ಏಕಾದಶಿಯಲ್ಲಿ ಸ್ಮಾರ್ತರದೊಂದು ದಿನ, ವೈಷ್ಣವರದೊಂದು ದಿನ ಬಂದ ಕಡೆ ಎರಡನ್ನೂ ಹಾಕಿಸಿದೆ. ಯುಗಾದಿಯ ವಾರದಲ್ಲೇ ರಂಜಾನ್ ಹಬ್ಬ, ಅಲ್ಲಿ "ಚಂದ್ರದರ್ಶನದಂತೆ" ಎಂಬ ಸಣ್ಣ ಸಾಲು. ಶಿವರಾತ್ರಿ, ನರಕ ಚತುರ್ದಶಿ ಎರಡೂ ಭಾನುವಾರಕ್ಕೆ ಬಿದ್ದಿವೆ. ಆಫೀಸಿನ ಹುಡುಗರ ಮುಖ ನೋಡಬೇಕಿತ್ತು.

ಪಟ ಕೆಟ್ಟರೆ ಯಾರೂ ಫೋನು ಮಾಡುವುದಿಲ್ಲ. ತಿಥಿ ತಪ್ಪಿದರೆ ಊರೆಲ್ಲ ಮಾಡುತ್ತದೆ.

20 ನವೆಂಬರ್, ಗುರುವಾರ

ಹೆಬ್ಬಾಳದ ಪ್ರೆಸ್ಸಿನಲ್ಲಿ ಸರಿರಾತ್ರಿವರೆಗೆ. ಭಾನುವಾರದ ಕೆಂಪು ಅಂದರೆ ಮೆಜೆಂಟಾ ಪ್ಲೇಟಿನ ಮೇಲೆ ಹಳದಿ ಪ್ಲೇಟು. ಕೂದಲೆಳೆಯಷ್ಟು ಸರಿದರೂ ಅಂಕಿಯ ಅಂಚಿಗೆ ಹಳದಿ ಇಣುಕುತ್ತದೆ. ಭೂತಗನ್ನಡಿ ಇಟ್ಟು ನೋಡುತ್ತ, ಮಿಶಿನ್ ಮನ್ನನ್ನು ಗೋಳು ಹೊಯ್ದುಕೊಂಡೆ. ತಿಥಿ ನಕ್ಷತ್ರದ ಸಣ್ಣಕ್ಷರ ಮಾತ್ರ ಯಾವಾಗಲೂ ಬರೀ ಕಪ್ಪು, ಒಂದೇ ಪ್ಲೇಟು. ಗಂಜೀಫಾದ ಮೀನು ಚೆಂದ ಬಂತು. ಮಿಶಿನ್ ಮನ್ನು ಹಾಳಾದ ಶೀಟಿನಿಂದ ರಾಜನ ಎಲೆಯನ್ನು ಕತ್ತರಿಸಿ ಜೇಬಿಗಿಟ್ಟುಕೊಂಡ.

17 ಡಿಸೆಂಬರ್, ಬುಧವಾರ

ಅಂಗಡಿಯಲ್ಲಿ ಹಂಚುವುದನ್ನು ನಿಂತು ನೋಡಿದೆ. ಟೇಬಲ್ ಕ್ಯಾಲೆಂಡರು ತಗೊಂಡ ದೊಡ್ಡ ಗಿರಾಕಿಯೊಬ್ಬರು ಎಲೆಗಳನ್ನು ತಿರುಗಿಸಿ, ಫೋಟೊ ತೆಗೆದು, "ಒಂದು ಗೋಡೇದೂ ಕೊಡಿ, ಮನೇಲಿ ಕೇಳ್ತಾರೆ" ಅಂದರು. ಆಮೇಲೆ ಬಂದ ಮೂರು ಜನವೂ ಅದನ್ನೇ ಅಂದರು. ನಮ್ಮ ಹುಡುಗಿಗೆ ಬೇಜಾರು. ಬೇಜಾರು ಯಾಕಮ್ಮ, ಎರಡೂ ನಾವೇ ಮಾಡಿದ್ದಲ್ವ ಅಂದೆ.

ರವಿವರ್ಮ 1894ರಲ್ಲಿ ಮುಂಬೈಯಲ್ಲಿ ಅಚ್ಚುಕೂಟ ತೆರೆದ ಮೇಲೆ ಮನೆಮನೆಯ ಗೋಡೆಗೂ ದೇವರ ಪಟ ಬಂತು, ಕ್ಯಾಲೆಂಡರಿನ ಲಕ್ಷ್ಮಿಯೂ ಅದೇ ವಂಶದವಳು. ಅವಳಿಗೆ ಕೈ ಮುಗಿಯುತ್ತಾರೆ, ನಿಜ. ಆದರೆ ನಿತ್ಯ ಕಣ್ಣು ಹೋಗುವುದು ಅವಳ ಕಾಲಿನ ಕೆಳಗಿನ ಅಂಕಿಗಳಿಗೆ.

30 ಡಿಸೆಂಬರ್, ಮಂಗಳವಾರ

ಮನೆಗೆ ಈ ವರ್ಷ ಬಂದವು ಹತ್ತು ಕ್ಯಾಲೆಂಡರು, ನಮ್ಮದೂ ಸೇರಿ. ಅಡುಗೆಮನೆಯಲ್ಲಿ ಇರುವುದು ಒಂದೇ ಮೊಳೆ. ಅಲ್ಲಿ ಅಮ್ಮ ನೇತುಹಾಕಿದ್ದು ಬೆಂಗಳೂರು ಪ್ರೆಸ್ಸಿನದು: ಪಟವಿಲ್ಲ, ಬಣ್ಣದ ಆಡಂಬರವಿಲ್ಲ, ಅದೂ ದುಡ್ಡು ಕೊಟ್ಟು ತಂದದ್ದು. ನೂರು ವರ್ಷದಿಂದ ಹೆಚ್ಚುಕಡಿಮೆ ಹಾಗೇ ಬರುತ್ತಿರುವ ಅದರ ಎದುರು ಪುಕ್ಕಟೆ ಕೊಟ್ಟೂ ಗೆಲ್ಲಲಾರದಿದ್ದರೆ, ಕೆಲಸ ಕಲಿಯಬೇಕಾದವರು ಡಿಸೈನರುಗಳೇ. ನಮ್ಮದು ಹಾಲ್‌ನಲ್ಲಿ, ಟಿವಿ ಪಕ್ಕ. ಗಂಜೀಫಾ ನನ್ನ ಮೇಜಿನ ಮೇಲೆ.

2027ಕ್ಕೆ ಕೂರ್ಮ ಅಂತ ಯಜಮಾನರು ಒಪ್ಪಿದ್ದಾರೆ. ಗೋಡೆಯದರಲ್ಲಿ ಲೋಗೊ ಇನ್ನೂ ಚಿಕ್ಕದು ಮಾಡಿ ಚೌಕ ದೊಡ್ಡದು ಮಾಡಲೂ ಒಪ್ಪಿದರು. ಈ ವರ್ಷದ ಬಾಕಿ ಹಣ ಮಾತ್ರ ಸಂಕ್ರಾಂತಿ ಕಳೆದ ಮೇಲಂತೆ.