ಅರ್ಧ ಏಕೆ ಕಳೆದರು?

ನನ್ನಿಂದ ಲೆಕ್ಕ ಹೇಳಿಸಿಕೊಂಡವರಿಗೆ ನೆನಪಿರಬಹುದು: ಉತ್ತರ ಸರಿಯಿದ್ದರೂ ನಡುವಿನ ಹೆಜ್ಜೆಗಳನ್ನು ಬರೆಯದವರಿಗೆ ನಾನು ಪೂರ್ತಿ ಅಂಕ ಕೊಡುತ್ತಿರಲಿಲ್ಲ. ಆ ಹಟವನ್ನು 2021ರಲ್ಲಿ ಒಬ್ಬ ತಾಯಿ ನನಗೇ ಹಿಂದಿರುಗಿಸಿದರು.

ಅವರ ಮಗ ನನ್ನ ಶಿಷ್ಯ. ಹೆಸರು ಬೇಡ, ಜೊತೆಯಲ್ಲಿ ಓದಿದವರಿಗೆ ತಿಳಿದೀತು. 2018ರಲ್ಲಿ, ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ, ಊರಾಚೆಯ ತಿರುವಿನಲ್ಲಿ ಲಾರಿಗೆ ಸಿಕ್ಕಿ ತೀರಿಕೊಂಡ. ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯ ತೀರ್ಪಿನ ಪ್ರತಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಕೊಂಡು ಬಂದ ಆ ತಾಯಿ, "ಮೇಷ್ಟ್ರೇ, ವಕೀಲರು ದುಡ್ಡು ಎಷ್ಟು ಅಂತ ಹೇಳಿದರು. ಹೇಗೆ ಅಂತ ಹೇಳಲಿಲ್ಲ. ನೀವು ಬಿಡಿಸಿ ಹೇಳಿ" ಎಂದರು.

ಬಿಡಿಸಿದೆ. ತಿಂಗಳ ಸಂಬಳ 15,000 ರೂಪಾಯಿ. ಮುಂದೆ ಏರುತ್ತಿತ್ತೆಂದು ಶೇಕಡಾ 40 ಸೇರಿಸಿದರೆ 21,000. ಇದು ಸರ್ವೋಚ್ಚ ನ್ಯಾಯಾಲಯವು 2017ರ ಪ್ರಣಯ್ ಸೇಠಿ ಪ್ರಕರಣದಲ್ಲಿ ಹಾಕಿಕೊಟ್ಟ ಕ್ರಮ. ಅವಿವಾಹಿತನಾದುದರಿಂದ ಸ್ವಂತ ಖರ್ಚಿಗೆಂದು ಅರ್ಧ ಕಳೆದು 10,500. ವರ್ಷಕ್ಕೆ 1,26,000. 2009ರ ಸರಳಾ ವರ್ಮಾ ತೀರ್ಪಿನ ಕೋಷ್ಟಕದಂತೆ ಆ ವಯಸ್ಸಿಗೆ ಗುಣಕ 18. ಗುಣಿಸಿದರೆ 22,68,000 ರೂಪಾಯಿ. ಅಂತ್ಯಕ್ರಿಯೆ ಮೊದಲಾದ ನಿಗದಿತ ಬಾಬತ್ತುಗಳು ಬೇರೆ. ಗಣಿತದಲ್ಲಿ ತಪ್ಪಿರಲಿಲ್ಲ.

"ಅರ್ಧ ಏಕೆ ಕಳೆದರು?"

"ಬದುಕಿದ್ದರೆ ಅಷ್ಟನ್ನು ತನಗಾಗಿ ಖರ್ಚು ಮಾಡಿಕೊಳ್ಳುತ್ತಿದ್ದ ಎಂದು ಭಾವಿಸುತ್ತಾರಮ್ಮ."

"ಎರಡು ಅಂಗಿಯಲ್ಲಿ ವರ್ಷ ಕಳೆಯುತ್ತಿದ್ದ ಮೇಷ್ಟ್ರೇ, ಅವನು."

ಮೂವತ್ತು ವರ್ಷ ಪಾಠ ಹೇಳಿದವನಿಗೆ ಅಂದು ಉತ್ತರ ಹೊಳೆಯಲಿಲ್ಲ. ಕೋಷ್ಟಕವಿಲ್ಲದ ಕಾಲದಲ್ಲಿ ಒಂದೇ ಬಗೆಯ ಸಾವಿಗೆ ಒಂದೊಂದು ನ್ಯಾಯಮಂಡಳಿ ಒಂದೊಂದು ಮೊತ್ತ ಕೊಡುತ್ತಿತ್ತು, ಆ ಗೊಂದಲ ತಪ್ಪಿಸಲೆಂದೇ ಈ ನಿಯಮ ಬಂದಿತು ಎಂಬುದನ್ನು ನಾನು ಬಲ್ಲೆ. ಅದನ್ನು ಅವರಿಗೆ ಹೇಳುವ ಧೈರ್ಯವಾಗಲಿಲ್ಲ.

ಆ ಬಳಿಕ ಈ ವಿಷಯವನ್ನು ಓದತೊಡಗಿದೆ. ಅಮೆರಿಕದ ಅರ್ಥಶಾಸ್ತ್ರಜ್ಞ ಥಾಮಸ್ ಶೆಲ್ಲಿಂಗ್ (2005ರಲ್ಲಿ ನೊಬೆಲ್ ಪಡೆದವರು) 1968ರ ಒಂದು ಪ್ರಬಂಧದಲ್ಲಿ ಪ್ರಶ್ನೆಯನ್ನೇ ತಿರುಗಿಸಿದ್ದರು. ಸತ್ತವನ ಗಳಿಕೆಯನ್ನು ಎಣಿಸುವ ಬದಲು, ಬದುಕಿರುವವರು ತಮ್ಮ ಅಪಾಯವನ್ನು ತುಸು ತಗ್ಗಿಸಿಕೊಳ್ಳಲು ಎಷ್ಟು ಕೊಟ್ಟಾರು ಎಂದು ವಿಚಾರಿಸುವುದು ಅವರ ಮಾರ್ಗ. ಹತ್ತು ಸಾವಿರ ಜನರ ಊರೆಂದು ಇಟ್ಟುಕೊಳ್ಳಿ. ತಿರುವಿಗೊಂದು ತಡೆಗೋಡೆ ಕಟ್ಟಿದರೆ ವರ್ಷಕ್ಕೆ ಒಂದು ಸಾವು ತಪ್ಪುತ್ತದೆ. ಯಾರದೆಂದು ಯಾರೂ ಅರಿಯರು. ಅದಕ್ಕಾಗಿ ತಲೆಗೆ 300 ರೂಪಾಯಿ ಕೊಡಲು ಎಲ್ಲರೂ ಒಪ್ಪಿದರೆ 30 ಲಕ್ಷವಾಯಿತು. ಇದನ್ನೇ ಸಾಂಖ್ಯಿಕ ಜೀವದ ಮೌಲ್ಯ ಎನ್ನುತ್ತಾರೆ. ಇಲ್ಲಿ ಯಾರ ಸಂಬಳವನ್ನೂ ಕೇಳುವುದಿಲ್ಲ, ಯಾರ ಅರ್ಧವನ್ನೂ ಕಳೆಯುವುದಿಲ್ಲ. ಆದರೆ ಬಡವರ ಊರಿನಲ್ಲಿ 300 ಹೊರಡದು, 30 ಹೊರಟೀತು. ಆಗ ಅದೇ ಗೋಡೆಯ ಬೆಲೆ ಹತ್ತನೆಯ ಒಂದಾಗಿಬಿಡುತ್ತದೆ. ಈ ತೊಡಕಿಗೆ ನಾನು ಓದಿದ ಯಾವ ಸಮಾಧಾನವೂ ನನಗೆ ಹಿಡಿಸಲಿಲ್ಲ.

ಅದೇ ಪ್ರಬಂಧದಲ್ಲಿ ಶೆಲ್ಲಿಂಗ್ ಇನ್ನೊಂದು ಮಾತು ಹೇಳುತ್ತಾರೆ: ಒಬ್ಬ ಬಾಲೆಯ ಶಸ್ತ್ರಚಿಕಿತ್ಸೆಗೆ ಹಣ ಬೇಕೆಂದರೆ ಅಂಚೆಯಲ್ಲಿ ಕಾಸು ಹರಿದುಬರುತ್ತದೆ, ತೆರಿಗೆಯಿಲ್ಲದೆ ಆಸ್ಪತ್ರೆ ಸೊರಗಿ ನಾಲ್ಕು ಜನ ಹೆಚ್ಚು ಸತ್ತರೆ ಯಾರಿಗೂ ಕಣ್ಣೀರು ಬಾರದು. ನಮ್ಮ ಊರೇನೂ ಬೇರೆಯಲ್ಲ.

ವಯಸ್ಸಿನ ಲೆಕ್ಕವೂ ಉಂಟು. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯು ಗಾಳಿಯ ಶುದ್ಧಿಗೆ ಸಂಬಂಧಿಸಿದ ಒಂದು ಲೆಕ್ಕದಲ್ಲಿ ಎಪ್ಪತ್ತು ದಾಟಿದವರ ಜೀವವನ್ನು ಶೇಕಡಾ 37ರಷ್ಟು ಕಡಿಮೆ ಹಿಡಿದಿತ್ತು. ಹಿರಿಯರು ಸಿಡಿದೆದ್ದರು, 2003ರಲ್ಲಿ ಸಂಸ್ಥೆ ಅದನ್ನು ಕೈಬಿಟ್ಟಿತು. ನನಗೀಗ ಅರವತ್ತೇಳು. ಸರಳಾ ವರ್ಮಾ ಕೋಷ್ಟಕದಲ್ಲಿ ನನ್ನ ಗುಣಕ 5. ಅರವತ್ತಮೂರರ ನನ್ನಾಕೆಗೆ 7. ಇದನ್ನು ತಿಳಿಸಿದಾಗ, "ಹಾಗಾದರೆ ರಸ್ತೆ ದಾಟುವಾಗ ನೀವು ಮುಂದೆ ನಡೆಯಿರಿ" ಎಂದಳು.

2022ರಲ್ಲಿ, ತಿರುವಿಗೆ ತಡೆಗೋಡೆ ಬೇಕೆಂದು ನಾವು ಕೆಲವರು ಸಂಬಂಧಪಟ್ಟ ಕಚೇರಿಗೆ ಅರ್ಜಿ ಬರೆದೆವು. ಮೇಲಿನ ಲೆಕ್ಕವನ್ನು ಹೆಜ್ಜೆ ಹೆಜ್ಜೆಯಾಗಿ ಬರೆದು ಲಗತ್ತಿಸಿದೆ. ಮೊದಲ ಸಹಿ ಆ ತಾಯಿಯದು. ರಾತ್ರಿ ಹೊಳೆಯುವ ಫಲಕಗಳು ಬಂದಿವೆ. ಗೋಡೆ ಇನ್ನೂ ಬಂದಿಲ್ಲ. ಹೋದ ತಿಂಗಳು ಮತ್ತೊಂದು ಅರ್ಜಿ ಕಳುಹಿಸಿದ್ದೇವೆ.