ಆರು ಮೆಗಾಪಿಕ್ಸೆಲ್ಲಿನ ದುಬಾರಿ ಕ್ಯಾಮೆರಾ

2007ರ ಹೊತ್ತಿಗೆ ಕ್ಯಾಮೆರಾ ಅಂಗಡಿಯಲ್ಲಿ ಗಿರಾಕಿ ಕೇಳುತ್ತಿದ್ದುದು ಒಂದೇ: ಎಷ್ಟು ಮೆಗಾಪಿಕ್ಸೆಲ್? ಆ ಲೆಕ್ಕ ನಂಬಿದ್ದರೆ ನನ್ನ ಆಯ್ಕೆ ಸುಲಭವಿತ್ತು. ಪ್ಯಾಂಟಿನ ಜೇಬಿಗೆ ಇಳಿಯುವ ಕ್ಯಾನನ್ ಪವರ್‌ಶಾಟ್ ಎ570 ಐಎಸ್‌ಗೆ 7.1. ಬೆಲೆಯಲ್ಲಿ ಅದಕ್ಕಿಂತ ಎಷ್ಟೋ ಮೇಲಿದ್ದ ನಿಕಾನ್ ಡಿ40ಗೆ ಬರೀ 6.1. ಮನೆಯವರ ಮತ ಮೊದಲನೆಯದಕ್ಕೆ. ಅದು ವಿಡಿಯೊ ತೆಗೆಯುತ್ತಿತ್ತು, ಡಿ40 ತೆಗೆಯುತ್ತಿರಲಿಲ್ಲ. ಸೆಲ್ ಮುಗಿದರೆ ಬಸ್‌ಸ್ಟ್ಯಾಂಡಿನ ಗೂಡಂಗಡಿಯಲ್ಲೂ ಎರಡು ಎಎ ಸೆಲ್ ಸಿಗುತ್ತಿತ್ತು. ಅಮೆರಿಕದಿಂದ ಬರುವ ನೆಂಟರ ಕೈಲಿ ತರಿಸುವುದಾದರೂ ಚಿಕ್ಕದನ್ನು ಹೇಳಲು ಸಂಕೋಚವಿಲ್ಲ.

ನನಗೆ ಬೇಕಿದ್ದುದು ಯಕ್ಷಗಾನದ ಫೋಟೊ. ತಕರಾರು ಅಲ್ಲೇ.

ಸ್ನೇಹಿತರ ಪುಟ್ಟ ಕ್ಯಾಮೆರಾ ಹಿಡಿದು ಬಯಲಾಟಕ್ಕೆ ಹೋದವರಿಗೆ ಗೊತ್ತು: ವೇಷಧಾರಿ ಗಿರಕಿ ಹೊಡೆದಾಗ ಗುಂಡಿ ಒತ್ತಿದರೆ ಅದು ಮಂದ ಬೆಳಕಿನಲ್ಲಿ ಫೋಕಸ್‌ಗೆ ತಡಕಾಡಿ, ಆತ ಬೆನ್ನು ತಿರುಗಿಸಿದ ಮೇಲೆ ಕ್ಲಿಕ್ಕೆನ್ನುತ್ತಿತ್ತು. ಫ್ಲ್ಯಾಶ್ ಬೆಳಕು ಮೂರ್ನಾಲ್ಕು ಮೀಟರಿನಾಚೆ ಹೋಗದು. ಮುಂದಿನ ಸಾಲಿನ ತಲೆಗಳಷ್ಟೇ ಬೆಳಗುತ್ತಿದ್ದವು. ಐಎಸ್‌ಒ ಏರಿಸಿದರೆ ಕಿರೀಟದ ಕಪ್ಪಿನ ತುಂಬ ಬಣ್ಣದ ರವೆ. ಕಾರಣ ಸೆನ್ಸರ್. ಪವರ್‌ಶಾಟ್‌ನದು ಸುಮಾರು 25 ಚದರ ಮಿಲಿಮೀಟರ್, ಡಿ40ಯದು 370ರ ಆಸುಪಾಸು. ಹದಿನೈದು ಪಟ್ಟು. ಡಬ್ಬದ ಮೇಲೆ ಈ ಅಂಕಿಯನ್ನು ಯಾರೂ ದಪ್ಪಕ್ಷರದಲ್ಲಿ ಅಚ್ಚು ಹಾಕಲಿಲ್ಲ.

ಡಿ40 ಕೊಂಡೆ. ಹಾಗೆಂದು ಅದರ ಜೊತೆ ಬರುವ 18-55 ಕಿಟ್ ಲೆನ್ಸಿನಿಂದ ಆಟ ಗೆದ್ದಂತಾಗಲಿಲ್ಲ. ಜೂಮ್ ಮಾಡಿದರೆ ಎಫ್/5.6ಕ್ಕೆ ಕುಗ್ಗುವ ಲೆನ್ಸು ಟ್ಯೂಬ್‌ಲೈಟಿನ ರಂಗಸ್ಥಳಕ್ಕೆ ಸಾಲದು. ಅಗ್ಗದ 50 ಎಂಎಂ ಎಫ್/1.8 ಡಿ ಲೆನ್ಸ್ ಹಾಕೋಣವೆಂದರೆ ಈ ಬಾಡಿಯೊಳಗೆ ಫೋಕಸ್ ಮೋಟರೇ ಇಲ್ಲ. ಉಂಗುರವನ್ನು ಕೈಯಲ್ಲೇ ತಿರುಗಿಸಬೇಕು. ತಿರುಗಿಸಿದೆ. ಹದ ಕೂತಾಗ ಹಿಂದೆಂದೂ ಸಿಗದ ಚಿತ್ರ ಸಿಕ್ಕಿತು, ಉಳಿದವು ಮಸುಕು. ಮೋಟರುಳ್ಳ 35 ಎಂಎಂ ಎಫ್/1.8 ಜಿ ಲೆನ್ಸ್ ಬಂದದ್ದು 2009ರಲ್ಲಿ.

ಮದುವೆ, ನಾಮಕರಣಗಳಿಗೆ ಮಾತ್ರ ಡಿ40 ಮನೆಯಲ್ಲೇ ಉಳಿಯುತ್ತಿತ್ತು. ಲೆನ್ಸ್ ಸೇರಿ ಮುಕ್ಕಾಲು ಕಿಲೋ ಹೊತ್ತು ಊಟದ ಪಂಕ್ತಿಯಲ್ಲಿ ಕೂರುವವರಾರು?

2010ರಲ್ಲಿ ಜಗತ್ತಿನಾದ್ಯಂತ 12 ಕೋಟಿ ದಾಟಿದ್ದ ಡಿಜಿಟಲ್ ಕ್ಯಾಮೆರಾ ರವಾನೆ 2020ಕ್ಕೆ 90 ಲಕ್ಷದೊಳಗೆ ಕುಸಿಯಿತು. ಫೋನು ಮೊದಲು ನುಂಗಿದ್ದು ಪುಟ್ಟ ಕ್ಯಾಮೆರಾವನ್ನು. ನಿಕಾನ್‌ನ ಅಗ್ಗದ ಡಿಎಸ್‌ಎಲ್‌ಆರ್ ಸಾಲೂ 2018ರ ಡಿ3500ಗೆ ನಿಂತಿತು. ಈಗ ಕಾಲೇಜು ಹುಡುಗರು ಹಳೆ ಪವರ್‌ಶಾಟ್‌ಗಳನ್ನು 'ಡಿಜಿಕ್ಯಾಮ್' ಎಂದು ಹುಡುಕಿ ಕೊಳ್ಳುತ್ತಾರೆ, ಆ ಬಣ್ಣ ಚೆಂದವಂತೆ. ಹಗಲಲ್ಲಿ ಇರಬಹುದು. ರಾತ್ರಿಯ ಫೋಟೊ ನನ್ನ ಹಾರ್ಡ್‌ಡಿಸ್ಕಿನಲ್ಲಿವೆ, ಆಗಲೂ ಚೆಂದವಿರಲಿಲ್ಲ.

ಆದರೆ ಆಟದ ಮಟ್ಟಿಗೆ ಫೋನನ್ನೂ ನಾನು ಒಪ್ಪಿಲ್ಲ. ಕತ್ತಲಲ್ಲಿ ಹಲವು ಫ್ರೇಮು ಬೆಸೆದು ಚಿತ್ರ ಕಟ್ಟುವ ಅದಕ್ಕೆ ಕೂತ ಭಾಗವತರು ಸಿಗುತ್ತಾರೆ, ಕುಣಿಯುವವರ ಕೈ ಕರಗುತ್ತದೆ. ಕೇಳಿದವರಿಗೆ ಇಂದಿಗೂ ಸೆಕೆಂಡ್‌ಹ್ಯಾಂಡ್ ಡಿಎಸ್‌ಎಲ್‌ಆರ್ ಮತ್ತು ಆ 35 ಎಂಎಂ ಲೆನ್ಸ್ ಎನ್ನುತ್ತೇನೆ. ಕರಾವಳಿಯವರಿಂದ ಕೊಳ್ಳುವುದಾದರೆ ಲೆನ್ಸನ್ನು ಬೆಳಕಿಗೆ ಹಿಡಿದು ಒಳಗೆ ಬೂಷ್ಟು ಹಿಡಿದಿದೆಯೇ ನೋಡಿ, ಆಮೇಲೆ ಬೆಲೆ ಮಾತಾಡಿ.