ಜಿಪ್ ಎಷ್ಟು ಇಂಚಿನದ್ದು?

ಕಂಪ್ಯೂಟರಿಗೆ ಜಾವಾ ಹಾಕುವುದು ಅರ್ಧ ಗಂಟೆಯ ಕೆಲಸ ಅನ್ನುತ್ತಾರೆ. ಮಡಕಶಿರಾದಲ್ಲಿರುವ ನನ್ನ ಅಕ್ಕನ ಮಗಳು ಮೂರು ದಿನ ಒದ್ದಾಡಿದಳು. ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ಹುಡುಗಿ. ಮನೆಯಲ್ಲಿ ಬ್ಯಾರಿ, ಬೀದಿಯಲ್ಲಿ ತೆಲುಗು, ಈಗ ಕಾಲೇಜಿನಲ್ಲಿ ಇಂಗ್ಲಿಷ್. ಲ್ಯಾಬ್ ಪರೀಕ್ಷೆಗೆ ಎಂಟೇ ದಿನ ಇತ್ತು. "ಮಾಮ, ನನ್ನಿಂದ ಆಗಲ್ಲ, ಬಿ.ಎ. ಸೇರ್ತೇನೆ" ಎಂದು ಫೋನಿನಲ್ಲಿ ಅತ್ತಳು. ಆ ಹಳೇ ಲ್ಯಾಪ್‌ಟಾಪ್ ಬಾಪ ಅಂಗಡಿಯ ದುಡ್ಡಿನಲ್ಲಿ ಕೊಡಿಸಿದ್ದು. ಭಾನುವಾರ ಅಕ್ಕ, ಮಗಳು ಇಬ್ಬರೂ ಬಸ್ ಬದಲಿಸಿಕೊಂಡು ರಾಯದುರ್ಗಕ್ಕೆ ಬಂದರು.

ನಮ್ಮದು ಜೀನ್ಸ್ ಹೊಲಿಯುವವರ ಊರು. ಬಾಪನ ಅಂಗಡಿಯಲ್ಲಿ ನೂಲು, ಗುಂಡಿ, ಜಿಪ್ ವ್ಯಾಪಾರ. ಜಾವಾ ಅಂದರೆ ಅವರಿಗೆ ಮೈಸೂರಿನಲ್ಲಿ ತಯಾರಾಗುತ್ತಿದ್ದ ಬೈಕು. ನಾನು ಓದಿದ್ದು ಮೆಕ್ಯಾನಿಕಲ್ ಡಿಪ್ಲೊಮಾ, ಆದರೆ ಕೆಲಸದ ಜಾಗದಲ್ಲಿ ಇದರ ಜೊತೆ ಸ್ವಲ್ಪ ಗುದ್ದಾಡಿದ್ದೆ.

ಲ್ಯಾಪ್‌ಟಾಪಿನ ಹಿಂದಿನ ಮಾಲೀಕರು ಜಾವಾ 8ರ ಜೆಆರ್‌ಇ ಮಾತ್ರ ಹಾಕಿದ್ದರು. ಅದು ಸಿದ್ಧವಾದ ಪ್ರೋಗ್ರಾಂ ಓಡಿಸುತ್ತದೆ ಅಷ್ಟೆ. ಹೊಸದು ತಯಾರಿಸುವ 'ಜಾವಾಕ್' ಕಂಪೈಲರ್ ಇರುವುದು ಜೆಡಿಕೆಯಲ್ಲಿ. ಹುಡುಗಿ ಗೆಳತಿಯ ಪೆನ್‌ಡ್ರೈವಿನಿಂದ ಜೆಡಿಕೆ 17ರ ಜಿಪ್ ಫೈಲ್ ತಂದು ಬಿಡಿಸಿಟ್ಟಿದ್ದಳು. "ಜಿಪ್ಪಾ? ಎಷ್ಟು ಇಂಚಿನದ್ದು?" ಎಂದು ಬಾಪ ಗಲ್ಲಾದಿಂದಲೇ ಕೇಳಿದರು. ಅವಳು ಆ ವಾರ ಮೊದಲ ಸಲ ನಕ್ಕಿದ್ದಂತೆ.

ಜಿಪ್ ಬಿಡಿಸಿಟ್ಟರೆ ಸಾಲದು, ಅದರೊಳಗಿನ 'ಬಿನ್' ಫೋಲ್ಡರ್ ಎಲ್ಲಿದೆ ಎಂದು ವಿಂಡೋಸಿನ 'ಪಾಥ್'ನಲ್ಲಿ ನಾವೇ ಬರೆಯಬೇಕು. ಅದನ್ನೂ ಬರೆದಿದ್ದಳು. ಪ್ರೋಗ್ರಾಂ ಕಂಪೈಲ್ ಆಯಿತು, ಓಡಿಸಿದರೆ 61.0, 52.0 ಎಂದು ಏನೋ ಬೈಗುಳ. ಬೈಗುಳ ಅಲ್ಲ ಅದು: 61 ಅಂದರೆ ಜಾವಾ 17, 52 ಅಂದರೆ ಜಾವಾ 8. ಹೊಸದರಲ್ಲಿ ತಯಾರಾದದ್ದನ್ನು ಹಳೆಯದು ಓಡಿಸಲು ಹೊರಟಿತ್ತು.

ಅವಳನ್ನು ಕಪಾಟುಗಳ ಮುಂದೆ ನಿಲ್ಲಿಸಿದೆ. ಗಿರಾಕಿ ನೂಲು ಕೇಳಿದರೆ ಅಂಗಡಿ ಹುಡುಗ ಮೊದಲ ಕಪಾಟಿನಿಂದ ಸಾಲಾಗಿ ನೋಡುತ್ತಾನೆ, ಮೊದಲು ಸಿಕ್ಕಿದ್ದನ್ನೇ ಕೊಡುತ್ತಾನೆ. ಹಿಂದೆ ಹೊಸ ಸ್ಟಾಕ್ ಇದ್ದರೂ ಅವನಿಗೇನು? ಪಾಥ್ ಕೂಡ ಹಾಗೆಯೇ. ಅವಳು ಸೇರಿಸಿದ್ದು 'ಯೂಸರ್' ಪಟ್ಟಿಯಲ್ಲಿ. ವಿಂಡೋಸ್ 'ಸಿಸ್ಟಮ್' ಪಟ್ಟಿಯನ್ನು ಮೊದಲು ನೋಡುತ್ತದೆ, ಹಳೇ ಜಾವಾ ಅಲ್ಲಿ ಕೂತಿತ್ತು. 'ವೇರ್ ಜಾವಾ' ಎಂದು ಕೇಳಿದಾಗ ಎರಡೂ ವಿಳಾಸ ಬಂದವು, ಹಳೆಯದೇ ಮೇಲೆ. ಹೊಸದನ್ನು ಸಿಸ್ಟಮ್ ಪಟ್ಟಿಯ ತುದಿಗೇರಿಸಿ, ಕಪ್ಪು ಕಿಟಕಿಯನ್ನು ಮುಚ್ಚಿ ತೆರೆದಳು. ತೆರೆದೇ ಇದ್ದ ಕಿಟಕಿಗೆ ಹೊಸ ಪಾಥ್ ಗೊತ್ತಾಗುವುದಿಲ್ಲ, ಇದನ್ನು ಯಾರೂ ಹೇಳಿಕೊಡುವುದೇ ಇಲ್ಲ.

ಆಮೇಲೆ ಅವಳಿಗೆ ಇನ್ನೊಂದು ತೋರಿಸಿದೆ. ಜಾವಾದಲ್ಲಿ ವೇರಿಯೇಬಲ್ ಹೆಸರು ಕನ್ನಡದಲ್ಲೇ ಇಡಬಹುದು. 17ರಲ್ಲಿ ಕಂಪೈಲ್ ಮಾಡುವಾಗ ಯುಟಿಎಫ್-8 ಎಂದು ಹೇಳಬೇಕು, 2022ರಲ್ಲಿ ಬಂದ 18ರಿಂದ ಅದೂ ಬೇಕಿಲ್ಲ. 1953ರಲ್ಲಿ ಬಳ್ಳಾರಿ ಮೈಸೂರಿಗೆ ಹೋಗಿ ರಾಯದುರ್ಗ ಆಂಧ್ರದಲ್ಲೇ ಉಳಿಯಿತು. ನಮ್ಮ ಕನ್ನಡ ಹೆಚ್ಚಾಗಿ ಅಂಗಡಿ ಕಟ್ಟೆಯ ಮೇಲಿನದ್ದು, ಕಾಲೇಜಿನ ಲ್ಯಾಬಿನಲ್ಲಿ ಅದಕ್ಕೆ ಜಾಗ ಇದೆ ಎಂದು ಹುಡುಗಿಗೆ ಅನಿಸಿಯೇ ಇರಲಿಲ್ಲ. 'ಗ್ರೋಸ್', 'ಗುಂಡಿ' ಎಂದು ಕನ್ನಡದಲ್ಲಿ ಟೈಪ್ ಮಾಡಿ, ಗ್ರೋಸನ್ನು 144ರಿಂದ ಗುಣಿಸಿದಳು. ಮೂರು ಗ್ರೋಸಿಗೆ 432 ಎಂದು ಬಂತು.

ಬಾಪ ಕನ್ನಡಕ ಏರಿಸಿ ನೋಡಿದರು. "ಲೆಕ್ಕ ಸರಿ ಇದೆ. ಒಡೆದ ಗುಂಡಿ ಕಳೆಯಲಿಕ್ಕೆ ಬರ್ತದಾ ಕೇಳು."

ಅವಳು ಆಗಲೇ ಟೈಪ್ ಮಾಡುತ್ತಿದ್ದಳು.